ಬರೆಯುವ ಕೈ ನಿಂತಾಗ

ಆರ್.ಕೆ. ನಾರಾಯಣ್ ಎಂದರೆ ನಮ್ಮ ಕಾಲೇಜಿನಲ್ಲಿ ಯಾರಾದರೂ ಮೊದಲು ಹೇಳುವುದು ‘ಮಾಲ್ಗುಡಿ ಡೇಸ್’. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿಯ ಪುಟ್ಟ ಸ್ವಾಮಿಯನ್ನು ನಮ್ಮ ಮನೆಯ ದೊಡ್ಡವರೂ ಮರೆತಿಲ್ಲ. ಆದರೆ ಎಲ್ಲರನ್ನೂ ನಗಿಸಿದ ಆ ಲೇಖಕರು ಒಂದು ಕಾಲದಲ್ಲಿ ಬರೆಯುವುದೇ ಬೇಡ ಎನ್ನುವ ಸ್ಥಿತಿಗೆ ಬಂದಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅದು ನಡೆದದ್ದು ದೂರದ ದೇಶದಲ್ಲಲ್ಲ, ನಾವು ಹುಣಸೂರಿನಿಂದ ಬಸ್ಸು ಹತ್ತಿ ಹೋಗಿಬರುವ ಮೈಸೂರಿನಲ್ಲಿ. ಯಾದವಗಿರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಅವರ ಮನೆಯನ್ನು ನೋಡಿ ಬಂದ ಮೇಲೆ ನಾನು ಅವರ ಆತ್ಮಕಥೆ ‘ಮೈ ಡೇಸ್’ ಓದಿದೆ. ಓದುತ್ತಾ ಹೋದಂತೆ ನಮ್ಮ ಅಬ್ಬಾ ನೆನಪಾದರು. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ಬಾಲ್ಯ ಕಳೆದದ್ದು ಅಲ್ಲಿಯೇ, ಅಜ್ಜಿಯ ಮನೆಯಲ್ಲಿ. ಅವರ ಆಟದ ಗೆಳೆಯರು ಒಂದು ನವಿಲು ಮತ್ತು ಒಂದು ಕೋತಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದಾಗ ಮಗನೂ ಮೈಸೂರಿಗೆ ಬಂದರು. ನಮ್ಮಂಥ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಸಂಗತಿ ಇಲ್ಲಿದೆ. ಮುಂದೆ ಇಂಗ್ಲಿಷಿನಲ್ಲಿ ಬರೆದೇ ಜಗತ್ತಿಗೆ ಪರಿಚಿತರಾದ ಇವರು ಕಾಲೇಜು ಸೇರುವ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಆ ಒಂದು ವರ್ಷ ಮನೆಯಲ್ಲಿ ಕೂತು ಓದಿದರು, ಬರೆದರು. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1930ರಲ್ಲಿ. ಚನ್ನಪಟ್ಟಣದಲ್ಲಿ ಮೇಷ್ಟರ ಕೆಲಸಕ್ಕೆ ಸೇರಿ ಕೆಲವೇ ದಿನಗಳಲ್ಲಿ ಬಿಟ್ಟು ಬಂದು, ಇನ್ನು ಬರೆದೇ ಬದುಕುತ್ತೇನೆ ಎಂದು ಮನೆಯಲ್ಲಿ ಹೇಳಿದರು. ಆ ಕಾಲಕ್ಕೆ ಅದು ಹುಚ್ಚು ಧೈರ್ಯ.

ಅದೇ 1930ರಲ್ಲಿ ಮಾಲ್ಗುಡಿ ಎಂಬ ಊರು ಅವರ ಮನಸ್ಸಿಗೆ ಬಂತು. ಮೊದಲು ಕಂಡದ್ದು ಒಂದು ಪುಟ್ಟ ರೈಲು ನಿಲ್ದಾಣವಂತೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬರೆದು ಮುಗಿಸಿದರೂ ಪ್ರಕಟಿಸುವವರು ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಗೆಳೆಯರೊಬ್ಬರು ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ತೋರಿಸಿದರು. ಗ್ರೀನ್ ಮೆಚ್ಚಿದರು. 1935ರಲ್ಲಿ ಪುಸ್ತಕ ಹೊರಬಂತು.

ಅಷ್ಟರಲ್ಲಿ ಅವರಿಗೆ ಮದುವೆಯಾಗಿತ್ತು. ಕೊಯಮತ್ತೂರಿನಲ್ಲಿ ಅಕ್ಕನ ಮನೆಗೆ ಹೋದಾಗ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ರಾಜಂ ಎಂಬ ಹುಡುಗಿಯನ್ನು ನೋಡಿ ಮನಸೋತಿದ್ದರು. ಜಾತಕ ಕೂಡುವುದಿಲ್ಲ ಎಂಬ ಮಾತು ಬಂದರೂ ಬಿಡದೆ 1934ರಲ್ಲಿ ಅವರನ್ನೇ ಮದುವೆಯಾದರು. ಸಂಸಾರ ನಡೆಸಲು ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಸುದ್ದಿಗಾಗಿ ಮಾರುಕಟ್ಟೆ, ಕೋರ್ಟು, ಬೀದಿಗಳನ್ನು ಅಲೆದರು. 1937ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಇನ್ನಷ್ಟು ಹೆಚ್ಚಿತು. ಆದರೂ ಅದೇ ವರ್ಷ ಎರಡನೇ ಕಾದಂಬರಿ, 1938ರಲ್ಲಿ ಮೂರನೆಯದು ಬಂದವು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸರ್ಕಾರಕ್ಕಾಗಿ ಸಂಸ್ಥಾನವನ್ನೆಲ್ಲ ಸುತ್ತಿ ಮೈಸೂರಿನ ಬಗ್ಗೆಯೂ ಒಂದು ಪುಸ್ತಕ ಬರೆದರು. ಮನೆಯಲ್ಲಿ ಹೇಮಾ ಎಂಬ ಪುಟ್ಟ ಮಗಳಿದ್ದಳು. ಕೈಯಲ್ಲಿ ಹಣ ಕಡಿಮೆ ಇದ್ದರೂ ಮನೆಯಲ್ಲಿ ನಗು ಇತ್ತು.

1939ರ ಬೇಸಿಗೆಯಲ್ಲಿ ರಾಜಂ ಟೈಫಾಯ್ಡ್ ಜ್ವರದಿಂದ ಮಲಗಿದರು. ಈಗ ಮಾತ್ರೆಯಿಂದ ವಾಸಿಯಾಗುವ ಆ ಕಾಯಿಲೆಗೆ ಆಗ ಔಷಧ ಇರಲಿಲ್ಲ. ವಾರಗಟ್ಟಲೆ ಆರೈಕೆ ಮಾಡುತ್ತಾ ಜ್ವರ ತಾನಾಗಿ ಇಳಿಯುವುದನ್ನು ಕಾಯಬೇಕಿತ್ತು. ರಾಜಂ ಅವರ ಜ್ವರ ಇಳಿಯಲಿಲ್ಲ. ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಮದುವೆಯಾಗಿ ಐದು ವರ್ಷವಾಗಿತ್ತು. ಹೇಮಾಗೆ ಮೂರು ವರ್ಷ.

ಆಮೇಲೆ ನಾರಾಯಣ್ ಕುಸಿದುಹೋದರು. ಕೆಲಸ ಬಿಟ್ಟು ಬರವಣಿಗೆಗೇ ಬದುಕನ್ನು ಒತ್ತೆಯಿಟ್ಟಿದ್ದ ಮನುಷ್ಯನಿಗೆ ಬರವಣಿಗೆಯೇ ಅರ್ಥವಿಲ್ಲದ್ದಾಗಿ ಕಂಡಿತು. ಎರಡು ವರ್ಷದಲ್ಲಿ ಎರಡು ಕಾದಂಬರಿ ಕೊಟ್ಟವರಿಂದ ಮುಂದಿನ ಕಾದಂಬರಿ ಬರಲು ಏಳು ವರ್ಷ ಬೇಕಾಯಿತು. ಪುಸ್ತಕಗಳ ಪಟ್ಟಿಯಲ್ಲಿ 1938 ಆದ ಮೇಲೆ 1945 ಎಂದು ಬರೆದಿರುವುದನ್ನು ಮೊದಲ ಬಾರಿ ನೋಡಿದಾಗ ನಾನು ಸುಮ್ಮನೆ ದಾಟಿ ಮುಂದೆ ಹೋಗಿದ್ದೆ. ಆ ಎರಡು ಇಸವಿಗಳ ನಡುವಿನ ಖಾಲಿ ಜಾಗದಲ್ಲಿ ಏನಿತ್ತು ಎಂದು ಈಗ ಗೊತ್ತು.

ಅವರನ್ನು ಮೇಲಕ್ಕೆ ಎತ್ತಿದ್ದು ಯಾವುದೋ ಒಂದು ಪವಾಡ ಅಲ್ಲ. ಮೊದಲನೆಯದು ಮಗಳು. ತಾಯಿಯಿಲ್ಲದ ಮಗುವಿಗೆ ಉಣ್ಣಿಸಬೇಕು, ಕತೆ ಹೇಳಬೇಕು, ಮಲಗಿಸಬೇಕು. ಎರಡನೆಯದು ತಾಯಿ, ಸೋದರರು ತುಂಬಿದ್ದ ಮನೆ. ಮೂರನೆಯದು ಗ್ರಹಾಂ ಗ್ರೀನ್ ಅವರ ಸ್ನೇಹ. ಇಬ್ಬರೂ ಅಲ್ಲಿಯವರೆಗೆ ಮುಖ ನೋಡಿರಲಿಲ್ಲ. ಕಾಗದದಲ್ಲಿ ಬೆಳೆದ ಆ ಸ್ನೇಹ ಯುದ್ಧದ ಕಾಲದಲ್ಲೂ ಕಡಿಯಲಿಲ್ಲ. ನಾಲ್ಕನೆಯದು ಮದರಾಸಿನ ಒಬ್ಬ ವಕೀಲರ ಮನೆ. ಸತ್ತವರ ಮಾತು ತಮ್ಮ ಮೂಲಕ ಬರುತ್ತದೆ ಎಂದು ನಂಬಿದ್ದ ಆ ವಕೀಲರು ಪೆನ್ಸಿಲ್ ಹಿಡಿದು ಬರೆಯುತ್ತಿದ್ದರು. ನಾರಾಯಣ್ ಅವರ ಎದುರು ಮತ್ತೆ ಮತ್ತೆ ಹೋಗಿ ಕೂತರು. ಆ ನಂಬಿಕೆ ನನ್ನದಲ್ಲ. ಆದರೆ ಅಲ್ಲಿ ನಡೆದ ಇನ್ನೊಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಒಬ್ಬರು ಬಾಗಿಲು ತೆರೆದು ಕೂರಿಸಿಕೊಂಡರು, ಸಮಯ ಕೊಟ್ಟರು, ರಾಜಂ ಹೆಸರನ್ನು ಎತ್ತಲು ಹೆದರಲಿಲ್ಲ. ಸತ್ತವರ ಹೆಸರು ಎತ್ತಿದರೆ ನೋವು ಹೆಚ್ಚುತ್ತದೆ ಎಂದು ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ನೋವಿನಲ್ಲಿರುವವರಿಗೆ ಆ ಮೌನವೇ ಹೆಚ್ಚು ಭಾರ.

ನಿಧಾನವಾಗಿ ಅವರು ಎದ್ದು ನಿಂತರು. 1941ರಲ್ಲಿ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಶುರುಮಾಡಿದರು. 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಬಂತು. ಅದರಲ್ಲಿ ಕೃಷ್ಣ ಎಂಬ ಅಧ್ಯಾಪಕನ ಹೆಂಡತಿ ಟೈಫಾಯ್ಡಿನಿಂದ ಸಾಯುತ್ತಾಳೆ. ಅವನು ಪುಟ್ಟ ಮಗಳನ್ನು ಸಾಕುತ್ತಾನೆ. ಓಡಿಹೋಗದೆ ತನ್ನ ದುಃಖವನ್ನೇ ಅವರು ಬರೆದರು. ಆಮೇಲೆ ಬಂದ ‘ದಿ ಗೈಡ್’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ದೊರೆತವು. ಅವರು ಮತ್ತೆ ಮದುವೆಯಾಗಲಿಲ್ಲ. ರಾಜ್ಯಸಭೆಗೆ ನಾಮಕರಣಗೊಂಡಾಗ ಅವರು ಎದ್ದು ನಿಂತು ಮಾತಾಡಿದ್ದು ಶಾಲೆಯ ಮಕ್ಕಳ ಬೆನ್ನ ಮೇಲಿನ ಬ್ಯಾಗಿನ ಭಾರದ ಬಗ್ಗೆ. ಮಕ್ಕಳು ಹೇಳದೆ ಹೊರುವ ಭಾರ ಅವರ ಕಣ್ಣಿಗೆ ಬಿದ್ದಿತ್ತು. ತಾವೂ ಒಮ್ಮೆ ಹೊತ್ತಿದ್ದವರಿಗೆ ಅದು ಬೇಗ ಕಾಣುತ್ತದೆ ಎಂದುಕೊಂಡಿದ್ದೇನೆ. 2001ರ ಮೇ 13ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು.

ಈಗ ಅಬ್ಬಾನ ವಿಷಯ. ನಮ್ಮದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಅಬ್ಬಾ ಗೂಡ್ಸ್ ಆಟೋ ಓಡಿಸುತ್ತಾರೆ. ಹೊಗೆಸೊಪ್ಪಿನ ಹರಾಜು ಶುರುವಾದರೆ ರೈತರ ಬೇಲುಗಳನ್ನು ಮಾರುಕಟ್ಟೆಗೆ ಹಾಕುವುದೇ ಅವರಿಗೆ ಹಬ್ಬ. ಎಷ್ಟೇ ಕೆಲಸವಿದ್ದರೂ ಗುರುವಾರ ಸಂಜೆ ಆಟೋ ತೊಳೆದು ಒರೆಸಿ ಹೊಳೆಯುವಂತೆ ಮಾಡುತ್ತಿದ್ದರು. ಅಮ್ಮಿ ತೀರಿಹೋದ ಮೇಲೆ ಅವರು ನಮ್ಮೆದುರು ಒಂದು ದಿನವೂ ಅಳಲಿಲ್ಲ. ಎಷ್ಟು ಸಬರ್ ನೋಡು ಎಂದು ಬಂದವರೆಲ್ಲ ಹೊಗಳಿದರು. ನಾನೂ ಹಾಗೆಯೇ ನಂಬಿದೆ.

ಆದರೆ ಆಟೋ ಮೇಲೆ ಧೂಳು ಕೂತಿತ್ತು. ಟೀ ಲೋಟದಲ್ಲೇ ಆರುತ್ತಿತ್ತು. ರಾತ್ರಿ ಮೂರಕ್ಕೆ ಎದ್ದು ಅಂಗಳದಲ್ಲಿ ಕೂರುತ್ತಿದ್ದರು. ಹರಾಜಿನ ಸೀಜನ್ ಬಂದರೂ ಬಾಡಿಗೆ ಬೇಡವೆಂದು ವಾಪಸ್ ಕಳಿಸುತ್ತಿದ್ದರು. ಸೋಮಾರಿಯಾಗಿದ್ದಾರೆ ಎಂದು ನಾನು ಒಮ್ಮೆ ಸಿಡುಕಿದ್ದೂ ಉಂಟು. ಒಂದು ದಿನ ಆಟೋದ ಕಾಗದಪತ್ರ, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ಆಪಾ ಕೈಗೆ ಕೊಟ್ಟು ಇಟ್ಟುಕೋ ಎಂದರು. ನಾನು ಅದನ್ನೂ ಜವಾಬ್ದಾರಿ ಎಂದುಕೊಂಡೆ. ಆಪಾ ಹಾಗೆ ಅಂದುಕೊಳ್ಳಲಿಲ್ಲ. ಆ ರಾತ್ರಿ ಅವರ ಪಕ್ಕದಲ್ಲಿ ಅಂಗಳದಲ್ಲಿ ಕೂತು, ಸಾಯಬೇಕು ಅಂತ ಅನಿಸುತ್ತಾ ಅಬ್ಬಾ ಎಂದು ನೇರವಾಗಿ ಕೇಳಿದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ಜೀವ ಹೋದಂತಾಯಿತು. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೌದು ಎಂದು, ಅಮ್ಮಿ ಹೋದ ಮೇಲೆ ಮೊದಲ ಸಲ ಅತ್ತರು.

ಬೆಳಿಗ್ಗೆಯೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆ, ಸಲಹೆ, ಸರದಿಯಂತೆ ಯಾರಾದರೂ ಜೊತೆಗಿರುವುದು, ಹೀಗೆ ತಿಂಗಳುಗಳು ಹಿಡಿದವು. ಇದು ಈಮಾನಿನ ಕೊರತೆ ಎಂದ ನೆಂಟರೊಬ್ಬರಿಗೆ ನಮ್ಮ ಫುಪ್ಪು ಪ್ರವಾದಿಯವರ ಜೀವನದ ದುಃಖದ ವರ್ಷವನ್ನು ನೆನಪಿಸಿ ಬಾಯಿ ಮುಚ್ಚಿಸಿದರು.

ಗೆಳೆಯರೇ, ಸಂಕಟದಲ್ಲಿರುವವರು ಯಾವಾಗಲೂ ಅಳುವುದಿಲ್ಲ. ಅವರು ಪ್ರೀತಿಸಿದ ಕೆಲಸ ನಿಂತಿದೆಯೇ ನೋಡಿ. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದೆಯೇ, ಜನರಿಂದ ದೂರ ಸರಿಯುತ್ತಿದ್ದಾರೆಯೇ, ತಮ್ಮ ವಸ್ತುಗಳನ್ನು ಇತರರಿಗೆ ಒಪ್ಪಿಸುತ್ತಿದ್ದಾರೆಯೇ ಗಮನಿಸಿ. ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುವುದಿಲ್ಲ. ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲೇ ಕೂರಿ, ಅಂಥವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗಾಗಿ ಅಲ್ಲ, ನಿಮಗಾಗಿಯೇ ಬೇಕಿದ್ದರೂ ಮಾಡಿ.

ಕಳೆದ ಗುರುವಾರ ಮನೆಗೆ ಹೋದಾಗ ಬಾಗಿಲ ಮುಂದೆ ನೀರು ಹರಿದಿತ್ತು. ಅಬ್ಬಾ ಆಟೋ ತೊಳೆಯುತ್ತಿದ್ದರು. ನಾನು ಬ್ಯಾಗು ಇಟ್ಟು ಬಂದು, ಒಣ ಬಟ್ಟೆ ಹಿಡಿದು ಇನ್ನೊಂದು ಬದಿ ಒರೆಸಲು ನಿಂತೆ.