ಸಾಬು ದಸ್ತಗೀರ್

ಸಾಬು ದಸ್ತಗೀರ್ (27 ಜನವರಿ 1924 – 2 ಡಿಸೆಂಬರ್ 1963) ಮೈಸೂರು ಸಂಸ್ಥಾನದಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ತಯಾರಾದ ಚಿತ್ರಗಳಿಂದ ಪ್ರಸಿದ್ಧಿಗೆ ಬಂದು, ಮುಂದೆ ಅಮೆರಿಕದ ಪೌರತ್ವ ಪಡೆದು ಹಾಲಿವುಡ್‌ನಲ್ಲಿ ನೆಲೆಸಿದ ಚಲನಚಿತ್ರ ನಟ. ತೆರೆಯ ಮೇಲೆ ಅವರ ಹೆಸರು ಸಾಬು ಎಂದಷ್ಟೇ ಕಾಣಿಸಿಕೊಳ್ಳುತ್ತಿತ್ತು.

ಬಾಲ್ಯ

ಸಾಬು ಅವರ ಹುಟ್ಟೂರು ಕಾರಾಪುರ. ಕಬಿನಿ ತೀರದ ಈ ಊರು ಈಗ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದೆ. ಆ ಸೀಮೆ ಕಾಕನಕೋಟೆಯ ಖೆಡ್ಡಾಗಳಿಗೆ ಹೆಸರಾಗಿತ್ತು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತರಾಗಿದ್ದರು. ಎಳೆಯ ವಯಸ್ಸಿನಲ್ಲಿಯೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ ಬಾಲಕನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು.

ಎಲಿಫೆಂಟ್ ಬಾಯ್

ಸಾಕ್ಷ್ಯಚಿತ್ರಗಳಿಗೆ ಹೆಸರಾಗಿದ್ದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ, ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ಪರವಾಗಿ ರಡ್ಯಾರ್ಡ್ ಕಿಪ್ಲಿಂಗ್‌ನ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದರು. ಮಾವುತನ ಮಗನಾದ ತೂಮಾಯಿಯ ಪಾತ್ರಕ್ಕೆ ಹುಡುಗನೊಬ್ಬನನ್ನು ಅರಸುತ್ತಿದ್ದ ಅವರ ತಂಡದ ಕಣ್ಣಿಗೆ ಆನೆಲಾಯದಲ್ಲಿದ್ದ ಸಾಬು ಬಿದ್ದರು. ನಟನೆಯ ಗಂಧವಿಲ್ಲದಿದ್ದರೂ ಆನೆಗಳ ನಡುವೆ ಬೆಳೆದವನ ನಿರ್ಭಯವಾದ ಸಲುಗೆ ಬಾಲಕನಲ್ಲಿ ಸಹಜವಾಗಿಯೇ ಇತ್ತು. ಮೈಸೂರಿನ ಚಿತ್ರೀಕರಣ ಮುಗಿದ ಮೇಲೆ ಸಾಬು ಅಣ್ಣನೊಡನೆ ಇಂಗ್ಲೆಂಡಿಗೆ ತೆರಳಿದರು. ಉಳಿದ ದೃಶ್ಯಗಳನ್ನು ಅಲ್ಲಿನ ಡೆನ್ಹಮ್ ಸ್ಟುಡಿಯೋದಲ್ಲಿ ಜೋಲ್ಟನ್ ಕೊರ್ಡಾ ಚಿತ್ರಿಸಿದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ಅದರ ನಿರ್ದೇಶಕರಿಬ್ಬರಿಗೂ ಪ್ರಶಸ್ತಿ ದೊರೆಯಿತು. ಹದಿಮೂರರ ಸಾಬು ಮನೆಮಾತಾದರು. ಸಾಬು ಅಲ್ಲಿಯೇ ಶಾಲೆಗೆ ಸೇರಿ ಇಂಗ್ಲಿಷ್ ಕಲಿತರು.

ಮರುವರ್ಷದ ‘ದಿ ಡ್ರಮ್’ ಚಿತ್ರದಲ್ಲಿ ಅವರು ಬ್ರಿಟಿಷರ ಮಿತ್ರನಾದ ವಾಯವ್ಯ ಗಡಿನಾಡಿನ ರಾಜಕುಮಾರ. ಸಾಮ್ರಾಜ್ಯವನ್ನು ಹೊಗಳುವ ಈ ಚಿತ್ರದ ವಿರುದ್ಧ ಮುಂಬಯಿ ಮತ್ತು ಮದರಾಸುಗಳಲ್ಲಿ ಪ್ರತಿಭಟನೆಗಳು ನಡೆದವು.

ಹಾಲಿವುಡ್

ಸಾಬು ಅವರ ಅತ್ಯಂತ ಜನಪ್ರಿಯ ಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ (1940). ಇಂಗ್ಲೆಂಡಿನಲ್ಲಿ ಆರಂಭವಾದ ಚಿತ್ರೀಕರಣ, ಎರಡನೆಯ ಮಹಾಯುದ್ಧದ ಕಾರಣ ಅಮೆರಿಕಕ್ಕೆ ವರ್ಗವಾಯಿತು. ಸಾಬು ಕೂಡ ಅಲ್ಲಿಯೇ ಉಳಿದರು. ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿದ ಈ ವರ್ಣಚಿತ್ರದಲ್ಲಿ ಅವರು ನಿರ್ವಹಿಸಿದ ಅಬು ಎಂಬ ತುಂಟ ಕಳ್ಳನ ಪಾತ್ರವು ಚಿತ್ರದ ನಾಯಕನನ್ನೇ ಮಂಕಾಗಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದರು. ಅನಂತರ ಯೂನಿವರ್ಸಲ್ ಸಂಸ್ಥೆಗಾಗಿ ಮರಿಯಾ ಮಾಂಟೆಜ್ ಮತ್ತು ಜಾನ್ ಹಾಲ್ ಅವರೊಡನೆ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಚಿತ್ರಗಳಲ್ಲಿ ನಟಿಸಿದರು. ಇವುಗಳಲ್ಲಿ ಅವರದು ನಾಯಕನ ಜೊತೆಗಾರನ ಪಾತ್ರ ಮಾತ್ರ.

ಯುದ್ಧಸೇವೆ

1944ರಲ್ಲಿ ಸಾಬು ಅಮೆರಿಕದ ಪೌರರಾದರು. ಭಾರತೀಯರಿಗೆ ಸಾಮಾನ್ಯವಾಗಿ ಈ ಹಕ್ಕು ದೊರೆತದ್ದು 1946ರ ಕಾನೂನಿನಿಂದ ಎಂಬುದನ್ನು ಗಮನಿಸಬೇಕು. ವಾಯುಸೇನೆಯನ್ನು ಸೇರಿದ ಅವರು ಪೆಸಿಫಿಕ್ ಸಾಗರದ ರಣಭೂಮಿಯಲ್ಲಿ ಬಿ-24 ಬಾಂಬರ್ ವಿಮಾನದ ಫಿರಂಗಿಯಾಳಾಗಿ ಹತ್ತಾರು ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡರು. ಶೌರ್ಯಕ್ಕಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಲಭಿಸಿತು.

ಯುದ್ಧಾನಂತರದ ವರ್ಷಗಳು

ಯುದ್ಧದಿಂದ ಮರಳಿದ ಯೋಧನನ್ನು ಚಿತ್ರರಂಗವು ಕಾಡಿನ ಹುಡುಗನನ್ನಾಗಿಯೇ ನೋಡಲು ಬಯಸಿತು. ‘ಬ್ಲ್ಯಾಕ್ ನಾರ್ಸಿಸಸ್’ (1947) ಇದಕ್ಕೆ ಅಪವಾದ. ಹಿಮಾಲಯದ ಕಥೆಯಾದರೂ ಬಹುತೇಕ ಇಂಗ್ಲೆಂಡಿನ ಸ್ಟುಡಿಯೋದಲ್ಲಿಯೇ ತಯಾರಾದ ಈ ಚಿತ್ರದಲ್ಲಿ, ಕ್ರೈಸ್ತ ಸನ್ಯಾಸಿನಿಯರ ಬಳಿ ಪಾಠ ಕಲಿಯಲು ಬರುವ ಅಲಂಕಾರಪ್ರಿಯ ಯುವ ಜನರಲ್‌ನ ಪಾತ್ರ ಅವರದು. ಹಾಸ್ಯವನ್ನೂ ಸೂಕ್ಷ್ಮ ಭಾವಗಳನ್ನೂ ಅವರು ಬಲ್ಲವರೆಂಬುದಕ್ಕೆ ಈ ಪಾತ್ರವೇ ಸಾಕ್ಷಿ. ಆದರೆ ಅಂಥ ಅವಕಾಶ ಮತ್ತೆ ಬರಲಿಲ್ಲ. ‘ಮ್ಯಾನ್-ಈಟರ್ ಆಫ್ ಕುಮಾವ್’ (1948), ‘ಸಾಂಗ್ ಆಫ್ ಇಂಡಿಯಾ’ (1949) ಮೊದಲಾದವು ಹಳೆಯ ಅಚ್ಚಿನಲ್ಲಿಯೇ ಬಂದವು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದರು. ಮಾವುತನ ಮಗನಿಗೆ ಜೀವನೋಪಾಯ ಒದಗಿಸಿದ್ದು ಮತ್ತೆ ಆನೆಯೇ.

ತಾಯ್ನಾಡಿನ ಚಿತ್ರರಂಗದಲ್ಲಿ ನಟಿಸುವ ಯೋಗವೂ ಕೂಡಿ ಬರಲಿಲ್ಲ. ಮೆಹಬೂಬ್ ಖಾನ್ ಅವರು ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಆರಿಸಿದ್ದರು. ಕೆಲಸದ ಪರವಾನಗಿ ದೊರೆಯದ ಕಾರಣ ಆ ಪಾತ್ರ ಸುನಿಲ್ ದತ್ ಅವರ ಪಾಲಾಯಿತು. ಭಾರತದ ಯಾವ ಚಿತ್ರದಲ್ಲಿಯೂ ಸಾಬು ನಟಿಸಲಿಲ್ಲ.

ಕುಟುಂಬ ಮತ್ತು ನಿಧನ

1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರನ್ನು ವಿವಾಹವಾದರು. ಮಗ ಪಾಲ್ ಮುಂದೆ ರಾಕ್ ಸಂಗೀತಗಾರರಾದರು. ಮಗಳು ಜಾಸ್ಮಿನ್ ಚಲನಚಿತ್ರಗಳಿಗಾಗಿ ಪ್ರಾಣಿಗಳನ್ನು ಪಳಗಿಸುವ ವೃತ್ತಿ ಹಿಡಿದರು. ಇಂಗ್ಲೆಂಡಿಗೆ ಜೊತೆಯಾಗಿ ಬಂದಿದ್ದ ಅಣ್ಣ 1960ರಲ್ಲಿ ತಮ್ಮ ಪೀಠೋಪಕರಣಗಳ ಅಂಗಡಿಯಲ್ಲಿ ನಡೆದ ದರೋಡೆ ಯತ್ನದಲ್ಲಿ ಕೊಲೆಯಾದರು. ಅದೇ ವರ್ಷ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಸಾಬು ಅವರ ಹೆಸರಿನ ನಕ್ಷತ್ರ ಸ್ಥಾಪಿತವಾಯಿತು.

1963ರ ಡಿಸೆಂಬರ್ 2ರಂದು, ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಸಾಬು ಹೃದಯಾಘಾತದಿಂದ ನಿಧನರಾದರು. ಆಗ ಅವರ ವಯಸ್ಸು 39. ಕೇವಲ ಎರಡು ದಿನಗಳ ಹಿಂದೆ ತಪಾಸಣೆ ಮಾಡಿದ ವೈದ್ಯರು ಅವರು ಪೂರ್ಣ ಆರೋಗ್ಯವಂತರೆಂದು ಹೇಳಿದ್ದರಂತೆ. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಕೊನೆಯ ಚಿತ್ರ, ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’, ಅವರ ಮರಣಾನಂತರ 1964ರಲ್ಲಿ ಬಿಡುಗಡೆಯಾಯಿತು.