ಜೋತಿಬಾ ಓದಿದ ಪುಸ್ತಕ, ಬರೆದ ಪುಸ್ತಕ

ಪುಸ್ತಕ ಮನುಷ್ಯನನ್ನು ಬದಲಿಸುತ್ತದೆ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆಂದರೆ ಅದರ ಅರ್ಥವೇ ಸವೆದುಹೋಗಿದೆ. ಶಾಲಾ ವಾರ್ಷಿಕೋತ್ಸವದಲ್ಲಿ, ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ, ಪುಸ್ತಕ ಬಿಡುಗಡೆಯ ಸಭೆಯಲ್ಲಿ ಅದು ಕೇಳಿಬರುತ್ತಲೇ ಇರುತ್ತದೆ. ಯಾವ ಪುಸ್ತಕ, ಯಾರನ್ನು, ಯಾವ ಸಂದರ್ಭದಲ್ಲಿ ಬದಲಿಸಿತು ಎಂದು ಕೇಳಿದರೆ ಮಾತ್ರ ಉತ್ತರ ಕಷ್ಟವಾಗುತ್ತದೆ. ಈ ಪ್ರಶ್ನೆಗೆ ನನಗೆ ಸಿಕ್ಕಿರುವ ಅತ್ಯಂತ ಸ್ಪಷ್ಟವಾದ ಉತ್ತರ ಪುಣೆಯ ಜೋತಿರಾವ್ ಫುಲೆ ಅವರ ಬದುಕು. ದುಡಿಮೆ, ಹಕ್ಕು ಮತ್ತು ಧರ್ಮ ಎಂಬ ಮೂರು ಸಂಗತಿಗಳನ್ನು ಅವರು ಬೇರೆಬೇರೆಯಾಗಿ ನೋಡಲಿಲ್ಲ. ಹಾಗೆ ನೋಡದಿರಲು ಅವರ ಓದೂ ಒಂದು ಕಾರಣವಾಗಿತ್ತು ಎಂದು ನಾನು ಭಾವಿಸಿದ್ದೇನೆ.

ಫುಲೆ ಹುಟ್ಟಿದ್ದು 1827ರಲ್ಲಿ, ಮಾಲಿ ಜಾತಿಯಲ್ಲಿ. ಸಾತಾರಾ ಸೀಮೆಯ ಕಟಗುಣದಿಂದ ಬಂದ ಅವರ ಮನೆತನ ಪೇಶ್ವೆಗಳ ಅರಮನೆಗೆ ಹೂವು ಒದಗಿಸುತ್ತಿತ್ತು. ಫುಲೆ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಆ ಕಸುಬಿನಿಂದಲೇ. ತಾಯಿ ಚಿಮಣಾಬಾಯಿ ಮಗ ಕೂಸಾಗಿರುವಾಗಲೇ ತೀರಿಕೊಂಡರು. ತಂದೆ ಗೋವಿಂದರಾವ್ ಮಗನಿಗೆ ಒಂದಿಷ್ಟು ಅಕ್ಷರ ಕಲಿಸಿ, ಆಮೇಲೆ ಶಾಲೆ ಬಿಡಿಸಿ ಹೊಲಕ್ಕೆ ಕಳುಹಿಸಿದರು. ಮಾಲಿಯ ಮಗನಿಗೆ ಹೆಚ್ಚಿನ ಓದು ಯಾತಕ್ಕೆ ಎಂಬುದು ಅಂದಿನ ಸಮಾಜದ ಒಪ್ಪಿತ ನಿಲುವಾಗಿತ್ತು. ಹುಡುಗನ ಚುರುಕುತನವನ್ನು ಕಂಡ ನೆರೆಯ ಗಫಾರ್ ಬೇಗ್ ಮುನ್ಷಿ ಮತ್ತು ಲಿಜಿಟ್ ಎಂಬ ಯುರೋಪಿಯನ್ ಗೃಹಸ್ಥರು ತಂದೆಯ ಮನವೊಲಿಸಿದ್ದರಿಂದ, 1841ರಲ್ಲಿ ಜೋತಿರಾವ್ ಸ್ಕಾಟಿಷ್ ಮಿಷನ್ ಶಾಲೆಯನ್ನು ಸೇರಿದರು. ಒಬ್ಬ ಮುಸ್ಲಿಮ್, ಒಬ್ಬ ಕ್ರೈಸ್ತ ಸೇರಿ ಒಬ್ಬ ಶೂದ್ರ ಬಾಲಕನ ಕೈಗೆ ಮತ್ತೆ ಪುಸ್ತಕ ಕೊಡಿಸಿದ ಈ ಸಂಗತಿಯನ್ನು ಅವರ ಮುಂದಿನ ಧರ್ಮಚಿಂತನೆಯ ಜೊತೆಗಿಟ್ಟು ನೋಡಬೇಕು.

1847ರ ಸುಮಾರಿಗೆ, ಇಪ್ಪತ್ತು ವರ್ಷದ ಜೋತಿರಾವ್ ಥಾಮಸ್ ಪೇನ್‌ನ ‘ರೈಟ್ಸ್ ಆಫ್ ಮ್ಯಾನ್’ ಓದಿದರು. ಸ್ತ್ರೀಯರ ಕುಪ್ಪಸದ ಬಿಗಿಪಟ್ಟಿ ಹೊಲಿಯುವವನ ಮಗನಾಗಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪೇನ್, 1791 ಮತ್ತು 1792ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಈ ಗ್ರಂಥ, ಹಕ್ಕುಗಳು ಮನುಷ್ಯನಿಗೆ ಹುಟ್ಟಿನಿಂದಲೇ ಬರುವಂಥವು, ವಂಶಪಾರಂಪರ್ಯವಾಗಿ ಆಳುವ ಅಧಿಕಾರ ಯಾರಿಗೂ ಇಲ್ಲ ಎಂದು ವಾದಿಸಿತು. ಇಂಗ್ಲೆಂಡಿನ ಸರ್ಕಾರ ಅದನ್ನು ರಾಜದ್ರೋಹವೆಂದು ಕರೆದು ಪೇನ್‌ನ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಿತು. ಅರಸು ಮನೆತನಗಳ ವಿರುದ್ಧ ಬರೆದ ಆ ಪುಸ್ತಕದಲ್ಲಿ ಭಾರತದ ಜಾತಿ ವ್ಯವಸ್ಥೆಯ ವಿಚಾರವಿರಲಿಲ್ಲ. ಆದರೆ ಹುಟ್ಟಿನ ಬಲದಿಂದ ಮೇಲಾದವರು ಮತ್ತು ಹುಟ್ಟಿನ ಕಾರಣದಿಂದ ಕೀಳಾದವರು ಎಂಬ ವಿಂಗಡಣೆ ಪುಣೆಯ ತರುಣನಿಗೆ ಅಪರಿಚಿತವಾಗಿರಲಿಲ್ಲ. ಪೇನ್ ಅರಸೊತ್ತಿಗೆಯನ್ನು ಕುರಿತು ಹೇಳಿದ್ದನ್ನು ಅವರು ಪುರೋಹಿತಶಾಹಿಗೆ ಅನ್ವಯಿಸಿ ಓದಿಕೊಂಡರು.

1848ರಲ್ಲಿ ಬ್ರಾಹ್ಮಣ ಗೆಳೆಯನೊಬ್ಬನ ಮದುವೆ ಮೆರವಣಿಗೆಯಲ್ಲಿ ಜೊತೆಯಾಗಿ ನಡೆದುದಕ್ಕೆ ಅವರನ್ನು ಹೀನಾಯವಾಗಿ ಬೈದು ಹೊರದೂಡಿದ ಪ್ರಸಂಗವನ್ನು ಅವರ ಜೀವನಚರಿತ್ರೆಕಾರರೆಲ್ಲರೂ ದಾಖಲಿಸಿದ್ದಾರೆ. ಅಂಥ ಅವಮಾನ ಆ ಕಾಲದಲ್ಲಿ ಸಾವಿರಾರು ಜನರ ನಿತ್ಯದ ಅನುಭವವಾಗಿತ್ತು. ಬಹುಪಾಲು ಜನ ಅದನ್ನು ವಿಧಿಯೆಂದು ನುಂಗಿಕೊಂಡರು. ಜೋತಿರಾವ್ ಅವರಿಗೆ ಅದು ಅನ್ಯಾಯವಾಗಿ ಕಂಡಿತು. ಪುಸ್ತಕ ಮಾಡುವ ಕೆಲಸ ಇದೇ ಎಂದು ನನ್ನ ತಿಳಿವಳಿಕೆ. ಅನುಭವವನ್ನು ಅದು ಕೊಡಲಾರದು. ಇರುವ ಅನುಭವಕ್ಕೆ ಸರಿಯಾದ ಹೆಸರನ್ನು ಕೊಡಬಲ್ಲದು.

ಅದೇ ವರ್ಷ ಪುಣೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಅಹಮದ್‌ನಗರದಲ್ಲಿ ಸಿಂಥಿಯಾ ಫರಾರ್ ನಡೆಸುತ್ತಿದ್ದ ಬಾಲಕಿಯರ ಶಾಲೆಯನ್ನು ನೋಡಿಬಂದದ್ದು ಅದಕ್ಕೆ ಪ್ರೇರಣೆ. ಪಾಠ ಹೇಳಲು ಪತ್ನಿ ಸಾವಿತ್ರಿಬಾಯಿಯವರನ್ನೇ ಸಿದ್ಧಗೊಳಿಸಿದರು. ಶಾಲೆಗೆ ನಡೆದುಹೋಗುವ ದಾರಿಯಲ್ಲಿ ಆ ತಾಯಿಯ ಮೇಲೆ ಸಗಣಿ, ಕೆಸರು, ಕಲ್ಲು ಬಿದ್ದವು. ಜಾತಿಯವರ ಒತ್ತಡಕ್ಕೆ ಮಣಿದ ಗೋವಿಂದರಾವ್ 1849ರಲ್ಲಿ ಮಗ ಸೊಸೆಯರನ್ನು ಮನೆಯಿಂದ ಹೊರಗೆ ಕಳುಹಿಸಿದರು. ಆದರೂ ಶಾಲೆಗಳ ಕೆಲಸ ಮುಂದುವರಿಯಿತು. 1852ರ ನವೆಂಬರಿನಲ್ಲಿ ಸರ್ಕಾರವೇ ವಿಶ್ರಾಮಬಾಗ್ ವಾಡಾದಲ್ಲಿ ಸಭೆ ನಡೆಸಿ ಜೋತಿರಾವ್ ಅವರಿಗೆ ಶಾಲು ಹೊದಿಸಿ ಗೌರವಿಸಿತು.

ಆ ಶಾಲೆಗಳ ಫಲವನ್ನು ತಿಳಿಯಬೇಕಾದರೆ ಮುಕ್ತಾಬಾಯಿ ಎಂಬ ಮಾಂಗ್ ಸಮುದಾಯದ ಬಾಲಕಿಯನ್ನು ನೆನೆಯಬೇಕು. ಫುಲೆ ದಂಪತಿಗಳ ವಿದ್ಯಾರ್ಥಿನಿಯಾಗಿದ್ದ ಆಕೆ ಮಾಂಗ್ ಮತ್ತು ಮಹಾರರ ದುಃಖವನ್ನು ಕುರಿತು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಪವಿತ್ರ ಗ್ರಂಥವನ್ನು ನೋಡುವ ಅಧಿಕಾರವೇ ತಮಗಿಲ್ಲವೆಂದ ಮೇಲೆ ತಮ್ಮ ಧರ್ಮ ಯಾವುದು ಎಂಬ ಪ್ರಶ್ನೆಯನ್ನು ಆ ಪುಟ್ಟ ಹುಡುಗಿ ದೇವರ ಮುಂದೆಯೇ ಇಟ್ಟಿದ್ದಳು. ಪುಸ್ತಕದ ಮೇಲಿನ ಹಕ್ಕಿಗೂ ಧರ್ಮದ ಮೇಲಿನ ಹಕ್ಕಿಗೂ ಇರುವ ಸಂಬಂಧವನ್ನು ಇದಕ್ಕಿಂತ ನೇರವಾಗಿ ಹೇಳಿದ ಬರಹವನ್ನು ನಾನು ಕಂಡಿಲ್ಲ.

ಅದೇ 1855ರಲ್ಲಿ ಫುಲೆ ಹಗಲೆಲ್ಲ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದರು. ‘ತೃತೀಯ ರತ್ನ’ ಎಂಬ ನಾಟಕವನ್ನೂ ಬರೆದರು. ಪುರೋಹಿತನ ಮಾತಿಗೆ ಮರುಳಾಗಿ ಸಾಲದಲ್ಲಿ ಮುಳುಗುವ ರೈತ ದಂಪತಿ ಕೊನೆಗೆ ಮೋಸವನ್ನು ಅರಿತು ರಾತ್ರಿ ಶಾಲೆಗೆ ಹೊರಡುವುದು ಅದರ ವಸ್ತು. ನಾಟಕ ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ.

ಇಷ್ಟೆಲ್ಲ ಮಾಡುತ್ತಿದ್ದವರು ಪೂರ್ಣಾವಧಿಯ ಸಮಾಜ ಸುಧಾರಕರಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಫುಲೆ ಗುತ್ತಿಗೆದಾರರಾಗಿದ್ದರು, ಕೃಷಿಕರಾಗಿದ್ದರು. ಪುಣೆಯ ಬಳಿಯ ಅಣೆಕಟ್ಟೆಗೆ ಸಾಮಗ್ರಿ ಒದಗಿಸುವಾಗ ಕಲ್ಲು ಹೊರುವ ಕೂಲಿಗಳ ಬದುಕನ್ನೂ ಇಂಜಿನಿಯರಿಂಗ್ ಇಲಾಖೆಯ ಲಂಚಗುಳಿತನವನ್ನೂ ಹತ್ತಿರದಿಂದ ಕಂಡರು. 1873ರಲ್ಲಿ ಪ್ರಕಟವಾದ ‘ಗುಲಾಮಗಿರಿ’ ಕೃತಿಯನ್ನು ಅವರು ಅರ್ಪಿಸಿದ್ದು ಕಪ್ಪು ಗುಲಾಮರ ವಿಮೋಚನೆಗಾಗಿ ಹೋರಾಡಿದ ಅಮೆರಿಕದ ಸಜ್ಜನರಿಗೆ. ಸಮುದ್ರದಾಚೆಯ ಹತ್ತಿ ಹೊಲದ ಗುಲಾಮನನ್ನೂ ಇಲ್ಲಿನ ಶೂದ್ರಾತಿಶೂದ್ರರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡುವ ದೃಷ್ಟಿ ಅವರದಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ 24ರಂದು ಸತ್ಯಶೋಧಕ ಸಮಾಜ ಸ್ಥಾಪನೆಯಾಯಿತು.

1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಅವರು ಸಲ್ಲಿಸಿದ ಮನವಿಯಲ್ಲಿ ದುಡಿಮೆ ಮತ್ತು ಹಕ್ಕುಗಳ ಲೆಕ್ಕ ಒಂದೆಡೆ ಕೂಡಿದೆ. ಸರ್ಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ. ಆ ಹಣದಲ್ಲಿ ಓದುವುದು ಮೇಲ್ಜಾತಿಯವರ ಮಕ್ಕಳು. ರೈತನ ಮಗುವಿಗೆ ಊರಲ್ಲಿ ಶಾಲೆಯೇ ಇಲ್ಲ ಎಂದು ಅವರು ವಾದಿಸಿದರು. ಕನಿಷ್ಠ ಹನ್ನೆರಡು ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು, ಶಿಕ್ಷಕರು ರೈತಾಪಿ ವರ್ಗದಿಂದಲೂ ಬರಬೇಕು, ಪಠ್ಯದಲ್ಲಿ ಕೃಷಿಯ ತಿಳಿವಳಿಕೆ ಇರಬೇಕು ಎಂದು ಕೇಳಿದರು. ಮೈಸೂರು ಸಂಸ್ಥಾನ 1913ರಲ್ಲಿ ಕಡ್ಡಾಯ ಶಿಕ್ಷಣದ ಕಡೆಗೆ ಮೊದಲ ಕಾನೂನಿನ ಹೆಜ್ಜೆ ಇಟ್ಟಿತು. ದೇಶಕ್ಕೆಲ್ಲ ಅನ್ವಯವಾಗುವ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ನಡುವೆ ಕಳೆದದ್ದು 127 ವರ್ಷ.

1883ರ ‘ಶೇತಕರ್ಯಾಚಾ ಆಸೂಡ್’ ಅಂದರೆ ರೈತನ ಬಾರುಕೋಲು, ಸಾಲ, ಕಂದಾಯ, ಕೋರ್ಟಿನ ಗುಮಾಸ್ತರು, ಗೋಮಾಳವನ್ನು ಕಿತ್ತುಕೊಂಡ ಅರಣ್ಯ ಇಲಾಖೆ, ಪುರೋಹಿತನ ದಕ್ಷಿಣೆ ಇವೆಲ್ಲ ಸೇರಿ ಬೇಸಾಯಗಾರನನ್ನು ಹೇಗೆ ಹಿಂಡುತ್ತವೆ ಎಂಬುದನ್ನು ಬಿಡಿಸಿಟ್ಟ ಕೃತಿ. ಬೈಗುಳದಲ್ಲಿ ಮುಗಿಯದೆ ಕೆರೆಕಟ್ಟೆ, ಒಳ್ಳೆಯ ದನದ ತಳಿ, ಕೃಷಿ ಶಾಲೆಗಳ ಪ್ರಸ್ತಾವವನ್ನೂ ಅದು ಮುಂದಿಟ್ಟಿತು. ಅವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ ಈ ವಿಚಾರಗಳನ್ನು ಮುಂಬೈಯ ಗಿರಣಿಗಳಿಗೆ ಕೊಂಡೊಯ್ದರು. 1884ರಲ್ಲಿ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ತಿಂಗಳ 15ರೊಳಗೆ ಸಂಬಳ ಬೇಕೆಂದು ಬೇಡಿಕೆ ಇಟ್ಟರು. 1890ರ ಜೂನ್‌ನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿಕೊಂಡರು. ಅದಾದ ಐದೇ ತಿಂಗಳಲ್ಲಿ, ನವೆಂಬರ್ 28ರಂದು, ಫುಲೆ ಕಣ್ಮುಚ್ಚಿದರು.

ಧರ್ಮದ ವಿಚಾರದಲ್ಲಿ ಫುಲೆ ಅವರನ್ನು ನಾಸ್ತಿಕರೆಂದು ಕರೆಯುವುದು ತಪ್ಪಾಗುತ್ತದೆ. ಸೃಷ್ಟಿಕರ್ತನನ್ನು ಅವರು ‘ನಿರ್ಮಿಕ’ ಎಂದು ಕರೆದರು. ಅವನಿಗೂ ಮನುಷ್ಯನಿಗೂ ನಡುವೆ ದಲ್ಲಾಳಿ ಬೇಡವೆಂದರು. ನಮ್ಮ ಕರಾವಳಿಯ ಮಾಳದ ಮನೆತನದಲ್ಲಿ ಹುಟ್ಟಿದ ವಿದುಷಿ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದಾಗ ಪುಣೆ ಕೆಂಡವಾಯಿತು. ಶಾಸ್ತ್ರಗಳನ್ನು ಓದಿ, ಅವುಗಳಲ್ಲಿ ಹೆಣ್ಣಿಗಿರುವ ಸ್ಥಾನವನ್ನು ಅರಿತು ಆಕೆ ಕೈಗೊಂಡ ನಿರ್ಧಾರವೆಂದು ಫುಲೆ 1885ರ ‘ಸತ್ಸಾರ’ದಲ್ಲಿ ರಮಾಬಾಯಿಯವರ ಬೆಂಬಲಕ್ಕೆ ನಿಂತರು.

1888ರಲ್ಲಿ ಪಾರ್ಶ್ವವಾಯು ಬಡಿದು ಅವರ ಬಲಗೈ ಸೋತಿತು. ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡು ‘ಸಾರ್ವಜನಿಕ ಸತ್ಯಧರ್ಮ’ ಎಂಬ ಕೊನೆಯ ಗ್ರಂಥವನ್ನು ಪೂರೈಸಿದರು. 1891ರಲ್ಲಿ, ಅವರ ಮರಣಾನಂತರ, ಅದು ಪ್ರಕಟವಾಯಿತು. ಅದರಲ್ಲಿ ಅವರು ಕಲ್ಪಿಸುವ ಒಂದು ಸಂಸಾರದ ಚಿತ್ರ ನನ್ನನ್ನು ಮತ್ತೆ ಮತ್ತೆ ಕಾಡಿದೆ. ಆ ಮನೆಯ ಹೆಂಡತಿ ಬೌದ್ಧ ಗ್ರಂಥ ಓದಿ ಬೌದ್ಧಳಾಗಬಹುದು, ಗಂಡ ಬೈಬಲ್ ಓದಿ ಕ್ರೈಸ್ತನಾಗಬಹುದು, ಮಗಳು ಕುರಾನ್ ಓದಿ ಮುಸ್ಲಿಮಳಾಗಬಹುದು, ಮಗ ಸತ್ಯಧರ್ಮವನ್ನು ಓದಿ ಸತ್ಯಧರ್ಮಿಯಾಗಬಹುದು. ಯಾರೂ ಯಾರನ್ನೂ ದ್ವೇಷಿಸದೆ ಒಂದೇ ಸೂರಿನಡಿ ಬಾಳಬಹುದು. ಇಲ್ಲಿ ಪ್ರತಿಯೊಬ್ಬರ ಆಯ್ಕೆಗೂ ಮೊದಲು ಒಂದು ಓದು ಇದೆ. ಹುಟ್ಟಿನಿಂದ ಬರುವ, ಗುಂಪು ಹೇರುವ ಧರ್ಮದ ಜಾಗದಲ್ಲಿ ಅವರು ಓದಿ, ಯೋಚಿಸಿ, ಒಪ್ಪಿಕೊಳ್ಳುವ ಧರ್ಮವನ್ನು ಇಟ್ಟರು. ಹೆಂಡತಿ ಮತ್ತು ಮಗಳಿಗೂ ಸ್ವಂತ ಓದು, ಸ್ವಂತ ತೀರ್ಮಾನ ಇರಬಹುದೆಂಬ ಕಲ್ಪನೆ ಇಂದಿಗೂ ಎಷ್ಟೋ ಮನೆಗಳಿಗೆ ದೂರವೇ ಇದೆ.

ಫುಲೆ ಬರೆದದ್ದೆಲ್ಲವೂ ಪ್ರಶ್ನಾತೀತವಲ್ಲ. ‘ಗುಲಾಮಗಿರಿ’ಯಲ್ಲಿ ಪುರಾಣಗಳನ್ನು ಚರಿತ್ರೆಯಾಗಿ ಬಿಡಿಸುವ ಅವರ ಕ್ರಮವನ್ನು ಇಂದಿನ ಇತಿಹಾಸಕಾರರು ಅಕ್ಷರಶಃ ಒಪ್ಪುವುದಿಲ್ಲ. ಇಂಗ್ಲಿಷ್ ಆಳ್ವಿಕೆಯ ಮೇಲೆ ಅವರಿಟ್ಟ ಭರವಸೆ ಅತಿಯಾಯಿತೆಂಬ ಟೀಕೆಯೂ ಇದೆ. ಆದರೆ ಆ ಭರವಸೆ ಕುರುಡಾಗಿರಲಿಲ್ಲ. 1888ರಲ್ಲಿ ರಾಣಿಯ ಮಗ ಡ್ಯೂಕ್ ಆಫ್ ಕನಾಟ್ ಗೌರವಾರ್ಥ ಪುಣೆಯಲ್ಲಿ ನಡೆದ ಔತಣಕ್ಕೆ ಬಡ ರೈತನ ಉಡುಪಿನಲ್ಲೇ ಹೋದ ಫುಲೆ, ಅಲ್ಲಿ ನೆರೆದಿದ್ದ ಒಡವೆ ತೊಟ್ಟವರು ಈ ದೇಶದ ಪ್ರತಿನಿಧಿಗಳಲ್ಲವೆಂದು ಎಲ್ಲರ ಎದುರೇ ತಿಳಿಸಿದರು. 1885ರಲ್ಲಿ ಮರಾಠಿ ಗ್ರಂಥಕಾರರ ಸಭೆಯ ಆಹ್ವಾನವನ್ನು ನಿರಾಕರಿಸಿದ್ದೂ ಇದೇ ನಿಲುವಿನಿಂದ. ದುಡಿಯುವವರ ಹಕ್ಕನ್ನು ಮನಃಪೂರ್ವಕವಾಗಿ ಒಪ್ಪದವರ ಗ್ರಂಥಗಳ ಜೊತೆ ತಮ್ಮ ಗ್ರಂಥಗಳು ಕೂಡಲಾರವು ಎಂಬುದು ಅವರ ವಾದವಾಗಿತ್ತು.

ಪೇನ್‌ನಿಂದ ಫುಲೆಗೆ ಬಂದ ದೀಪ ಅಲ್ಲಿಗೇ ನಿಲ್ಲಲಿಲ್ಲ. ಬುದ್ಧ ಮತ್ತು ಕಬೀರರ ಜೊತೆ ಫುಲೆ ಅವರನ್ನೂ ತಮ್ಮ ಗುರುವೆಂದು ಅಂಬೇಡ್ಕರ್ ಸ್ವೀಕರಿಸಿದರು. 1946ರಲ್ಲಿ ಪ್ರಕಟವಾದ ಶೂದ್ರರ ಮೂಲವನ್ನು ಕುರಿತ ತಮ್ಮ ಗ್ರಂಥವನ್ನು ಫುಲೆ ಸ್ಮರಣೆಗೆ ಅರ್ಪಿಸಿದರು. ಅದೇ ವರ್ಷ, ವೈಸರಾಯ್ ಕಾರ್ಯಾಂಗ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಅವರು ತಂದ ಕಾರ್ಖಾನೆ ಕಾಯ್ದೆಯ ತಿದ್ದುಪಡಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು.

ಈ 48ರ ಹಿಂದೆ ಒಂದು ಶತಮಾನದ ಓದು ಮತ್ತು ಹೋರಾಟ ಇವೆ. ಆದರೂ 2023ರಲ್ಲಿ ಕರ್ನಾಟಕದ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ವಾರದ ಮಿತಿ ಉಳಿದರೂ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ಅದೇ ವರ್ಷ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಉಪದೇಶ ಬೆಂಗಳೂರಿನ ಉದ್ಯಮ ವಲಯದಿಂದಲೇ ಕೇಳಿಬಂತು. ಅದರ ಪರ ವಿರೋಧ ಚರ್ಚೆ ಸಾಕಷ್ಟು ನಡೆಯಿತು. ಹನ್ನೆರಡು ಗಂಟೆ ದುಡಿದು ಬಂದವನ ಕೈಗೆ ಪುಸ್ತಕ ಯಾವಾಗ ಸಿಗಬೇಕು ಎಂಬ ಪ್ರಶ್ನೆಯನ್ನು ಮಾತ್ರ ಆ ಚರ್ಚೆಯಲ್ಲಿ ನಾನು ಕೇಳಲಿಲ್ಲ. 1855ರಲ್ಲಿ ರಾತ್ರಿ ಶಾಲೆ ತೆರೆದ ಫುಲೆ ಬಹುಶಃ ಅದನ್ನೇ ಮೊದಲು ಕೇಳುತ್ತಿದ್ದರು. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಗಾರ್ಮೆಂಟ್ ಕಾರ್ಖಾನೆಯಿಂದ ಮನೆಗೆ ಹಿಂದಿರುಗುವ ಹೆಣ್ಣುಮಗಳಿಗೆ ಅಲ್ಲಿ ಕೂರಲು ಬಿಡುವಿದೆಯೇ ಎಂಬುದು ಸಣ್ಣ ವಿಚಾರವಾಗಿ ಕಾಣಬಹುದು. ಓದಲು ಸಮಯವೇ ಇಲ್ಲದವರಿಗೆ ತಮ್ಮ ಹಕ್ಕನ್ನೂ ತಮ್ಮ ಧರ್ಮವನ್ನೂ ಬೇರೆಯವರು ಓದಿ ಹೇಳುತ್ತಾರೆ. ಅದನ್ನು ತಪ್ಪಿಸಲೆಂದೇ ಜೋತಿಬಾ ಎಡಗೈಯಲ್ಲಿ ಬರೆಯುವುದನ್ನು ಕಲಿತರು.