ಕಡಂದಲೆ ಕೃಷ್ಣರಾಯರು: ಪರಭಾಷೆಯ ನಗರದಲ್ಲಿ ಎಲೆ ಹಾಕಿದ ಕನ್ನಡ ಕರಾವಳಿಯ ಮಗ

ಮದರಾಸು ನಗರದಲ್ಲಿ ‘ಉಡುಪಿ ಹೋಟೆಲು’ ಎಂಬ ಮಾತನ್ನು ಮನೆಮಾತಾಗಿಸಿದವರಲ್ಲಿ ಕಡಂದಲೆ ಕೃಷ್ಣರಾಯರು ಅಗ್ರಗಣ್ಯರು. ‘ವುಡ್‌ಲ್ಯಾಂಡ್ಸ್’ ಎಂಬ ಹೆಸರನ್ನು ಕೇಳದ ದಕ್ಷಿಣ ಭಾರತೀಯರು ವಿರಳ. ಆ ಹೆಸರಿನ ಹಿಂದಿದ್ದ ವ್ಯಕ್ತಿಯನ್ನು ಬಲ್ಲವರು ಮಾತ್ರ ಕಡಿಮೆ. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಪಾಲಕರೂ ಅವರ ಬಾಳನ್ನು ಅರಿಯುವುದಕ್ಕೆ ವಿಶೇಷ ಕಾರಣವಿದೆ. ಅವರು ಬೇರೊಂದು ಭಾಷೆಯ ಜನರ ನಡುವೆ ಬದುಕು ಕಟ್ಟಿಕೊಂಡವರು. ನಾವೂ ಹಾಗೆಯೇ ಬದುಕುತ್ತಿರುವವರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಇಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಕಡಂದಲೆ ಎಂಬ ಗ್ರಾಮದ ಬಡ ಕುಟುಂಬದಲ್ಲಿ ಅವರು ಜನಿಸಿದರು. ಶಾಲೆಯ ವಿದ್ಯೆ ಹೆಚ್ಚು ದೊರೆಯಲಿಲ್ಲ. ಉಡುಪಿಯ ಮಠದ ಅಡುಗೆಮನೆಯೇ ಅವರ ಮೊದಲ ಪಾಠಶಾಲೆಯಾಯಿತು. ನೂರಾರು ಜನರಿಗೆ ಹೊತ್ತಿಗೆ ಸರಿಯಾಗಿ, ಶುಚಿಯಾಗಿ, ಒಂದೇ ರುಚಿಯಲ್ಲಿ ಉಣಬಡಿಸುವ ಶಿಸ್ತು ಕರಾವಳಿಯ ಹುಡುಗರಿಗೆ ಒಲಿದದ್ದು ಇಂಥ ಅಡುಗೆಮನೆಗಳಲ್ಲಿ.

ಅಂದು ದಕ್ಷಿಣ ಕನ್ನಡ, ಬಳ್ಳಾರಿ, ಅನಂತಪುರ ಜಿಲ್ಲೆಗಳೆಲ್ಲವೂ ಮದರಾಸು ಪ್ರಾಂತ್ಯದಲ್ಲೇ ಇದ್ದವು. ಕೋರ್ಟು, ಕಾಲೇಜು, ಸರಕಾರಿ ಕೆಲಸ ಯಾವುದೇ ಇರಲಿ, ದೊಡ್ಡ ಊರೆಂದರೆ ಮದರಾಸು. ತಾರುಣ್ಯದಲ್ಲಿಯೇ ಆ ನಗರವನ್ನು ಸೇರಿದ ಕೃಷ್ಣರಾಯರು ಹಿಟ್ಟು ರುಬ್ಬುವುದರಿಂದ ಹಿಡಿದು ಹೋಟೆಲಿನ ಎಲ್ಲ ಚಾಕರಿಗಳನ್ನೂ ಮಾಡಿದರು. ಬಳಿಕ ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯಲ್ಲಿ ಸಣ್ಣದೊಂದು ಹೋಟೆಲನ್ನು ತಾವೇ ನಡೆಸತೊಡಗಿದರು. ಅಲ್ಲಿಂದ ಮೌಂಟ್ ರಸ್ತೆಗೆ ಬಂದು ‘ಉಡುಪಿ ಶ್ರೀಕೃಷ್ಣ ವಿಲಾಸ’ವನ್ನು ತೆರೆದರು. 1938ರ ಸುಮಾರಿಗೆ ರಾಯಪೇಟೆಯಲ್ಲಿದ್ದ ರಾಮನಾಥಪುರದ ರಾಜರ ಬಂಗಲೆಯನ್ನು ಬಾಡಿಗೆಗೆ ಪಡೆದು, ಊಟದೊಡನೆ ವಸತಿಯೂ ಇರುವ ವುಡ್‌ಲ್ಯಾಂಡ್ಸನ್ನು ಆರಂಭಿಸಿದರು. ಮುಂದೆ ಕಡಲತೀರದತ್ತ ಸಾಗುವ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ತಲೆಯೆತ್ತಿತು.

ಈ ಏಳಿಗೆಯ ಮಹತ್ವವನ್ನು ತಿಳಿಯಬೇಕಾದರೆ ಅಂದಿನ ಸಮಾಜವನ್ನು ನೆನೆಯಬೇಕು. ಮನೆಯ ಹೊರಗೆ ಉಣ್ಣುವುದೇ ಹಲವರಿಗೆ ಮೈಲಿಗೆಯೆನಿಸಿದ್ದ ಕಾಲವದು. ಪ್ರಯಾಣಿಕರು ನೆಂಟರ ಮನೆಯನ್ನೋ, ತಮ್ಮ ಜಾತಿಯ ಛತ್ರವನ್ನೋ ಅರಸುತ್ತಿದ್ದರು. ಕಾಸು ಕೊಟ್ಟವರಿಗೆಲ್ಲ ಒಂದೇ ಕಾಫಿ, ಒಂದೇ ದೋಸೆ ನೀಡುವ ಹೋಟೆಲು ಆ ಪದ್ಧತಿಯನ್ನು ಮೆಲ್ಲಮೆಲ್ಲನೆ ಸಡಿಲಿಸಿತು. ಆದರೆ ಇಡೀ ಶ್ರೇಯಸ್ಸನ್ನು ಹೋಟೆಲಿಗರಿಗೆ ಸಲ್ಲಿಸುವುದು ನ್ಯಾಯವಲ್ಲ. ಮದರಾಸಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿತ್ತು. ದಲಿತರಿಗೆ ಒಳಗೆ ಕಾಲಿಡಲೂ ಅವಕಾಶವಿರದ ಹೋಟೆಲುಗಳು ನಾಡಿನ ತುಂಬ ಇದ್ದವು. ಆ ಬಾಗಿಲುಗಳು ತೆರೆದದ್ದು ಹೋರಾಟಗಳಿಂದ ಮತ್ತು 1950ರಲ್ಲಿ ಜಾರಿಗೆ ಬಂದ ಸಂವಿಧಾನದಿಂದ. ಅದರ 15ನೆಯ ವಿಧಿಯು ಜಾತಿಯ ಕಾರಣಕ್ಕಾಗಿ ಯಾರನ್ನೂ ಹೋಟೆಲಿನಿಂದ ಹೊರಗಿಡಕೂಡದೆಂದು ಸ್ಪಷ್ಟವಾಗಿ ಸಾರುತ್ತದೆ. ಒಂದೇ ಬೆಂಚಿನ ಮೇಲೆ ಕುಳಿತು ಇಡ್ಲಿ ತಿನ್ನುವ ನಮ್ಮ ಮಕ್ಕಳು ಈ ಸಂಗತಿಯನ್ನು ಅರಿತಿರಬೇಕು.

ಕೃಷ್ಣರಾಯರ ಬಾಳಿನ ಅತ್ಯಂತ ಜನಪ್ರಿಯ ಕೃತಿ 1962ರಲ್ಲಿ ಕೆಥೀಡ್ರಲ್ ರಸ್ತೆಯ ವಿಶಾಲವಾದ ತೋಟದಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಮರಗಳ ನೆರಳಿನಲ್ಲಿ ನಿಲ್ಲಿಸಿದ ಕಾರಿಗೇ ಮಾಣಿಗಳು ತಿಂಡಿಯನ್ನು ತಂದುಕೊಡುತ್ತಿದ್ದರು. ಕಾರಿಲ್ಲದವರಿಗೆ ಒಳಗೆ ಮೇಜು ಕುರ್ಚಿಗಳಿದ್ದವು. ಕಾಲೇಜು ವಿದ್ಯಾರ್ಥಿಗಳು, ಔಷಧ ಕಂಪನಿಗಳ ಪ್ರತಿನಿಧಿಗಳು, ಪತ್ರಕರ್ತರು, ಕೆಲಸ ಹುಡುಕುವ ತರುಣರು ಒಂದು ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಹೀಗೆ ಕುಳಿತವರ ನಡುವೆ ಹುಟ್ಟಿದ ಗೆಳೆತನಗಳಿಗೆ ಲೆಕ್ಕವಿಲ್ಲ. ತುಳು-ಕನ್ನಡ ನಾಡಿನಿಂದ ಬಂದವರೊಬ್ಬರ ಹೋಟೆಲು ತಮಿಳು ನಗರದ ಚಾವಡಿಯಾಯಿತು.

ಕೃಷ್ಣರಾಯರಂಥವರ ಹೋಟೆಲುಗಳನ್ನು ನಂಬಿ ಕರಾವಳಿಯ ಸಾವಿರಾರು ಹುಡುಗರು ಊರು ಬಿಟ್ಟರು. ಅವರಲ್ಲಿ ಅನೇಕರು ಶಾಲೆಯನ್ನೂ ಬಿಟ್ಟಿದ್ದರು ಎಂಬುದು ಈ ಕಥೆಯ ನೋವಿನ ಭಾಗ. ಮುಂಬಯಿಯ ಕನ್ನಡ ಸಂಘಗಳು ಅಂಥ ಮಕ್ಕಳಿಗಾಗಿಯೇ ರಾತ್ರಿ ಶಾಲೆಗಳನ್ನು ತೆರೆದವು. ಹಗಲು ತಟ್ಟೆ ತೊಳೆದ ಕೈಗಳು ರಾತ್ರಿ ಕನ್ನಡದ ಅಕ್ಷರ ತಿದ್ದಿದವು. ಅಲ್ಲಿ ಕಲಿತು ಬ್ಯಾಂಕು, ಕಚೇರಿಗಳನ್ನು ಸೇರಿದವರೂ, ಸ್ವಂತ ಹೋಟೆಲು ಕಟ್ಟಿದವರೂ ಉಂಟು. ಹೊಟ್ಟೆಪಾಡಿಗೆ ಪರನಾಡನ್ನು ಸೇರಿದವರೂ ತಮ್ಮ ಭಾಷೆಯ ಶಾಲೆಯನ್ನು ಬೇಡಿ ಪಡೆದರು.

ಕೃಷ್ಣರಾಯರು 1990ರಲ್ಲಿ ತೀರಿಕೊಂಡರು. ಭೋಗ್ಯದ ನೆಲ ಸರಕಾರಕ್ಕೆ ಮರಳಿದ್ದರಿಂದ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಇಂದು ‘ಸೆಮ್ಮೊಳಿ ಪೂಂಗಾ’, ಎಂದರೆ ಶಾಸ್ತ್ರೀಯ ಭಾಷೆಯ ಹೆಸರಿನ ಉದ್ಯಾನವಿದೆ. ಕನ್ನಡಕ್ಕೂ ತೆಲುಗಿಗೂ ಒಟ್ಟಿಗೆ ಶಾಸ್ತ್ರೀಯ ಸ್ಥಾನಮಾನ ದೊರೆತದ್ದು 2008ರಲ್ಲಿಯೇ.

ಈಗ ನಮ್ಮ ಸೀಮೆಯತ್ತ ನೋಡೋಣ. ಕೃಷ್ಣರಾಯರು ಪರಭಾಷೆಯ ಊರಿಗೆ ತಾವೇ ನಡೆದು ಹೋದರು. ನಾವಾದರೋ ಎಲ್ಲಿಗೂ ಹೋಗಲಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದಾಗ ಗಡಿಯೇ ನಮ್ಮನ್ನು ದಾಟಿತು. ಆದರೆ ಹೋಟೆಲಿನ ಬೆಂಚಿನ ಮೇಲೆ ಆ ಗಡಿ ಕಾಣುವುದಿಲ್ಲ. ಬಳ್ಳಾರಿಯವರು ಒಗ್ಗರಣೆ-ಮಿರ್ಚಿ ಎನ್ನುವುದನ್ನೇ ತೆಲುಗರು ಉಗ್ಗಾನಿ-ಬಜ್ಜಿ ಎನ್ನುತ್ತಾರೆ. ಮಂಡಕ್ಕಿ ಒಂದೇ, ಖಾರ ಒಂದೇ. ರಾಯದುರ್ಗ, ಮಡಕಶಿರಾಗಳ ಹೋಟೆಲುಗಳಲ್ಲಿ ಫಲಕ ತೆಲುಗಿನಲ್ಲಿದ್ದರೂ ಮಾತು ಎರಡೂ ಭಾಷೆಗಳಲ್ಲಿ ಸಾಗುತ್ತದೆ.

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ಸಂತೆಯ ದಿನ ಮಕ್ಕಳೊಡನೆ ಹೋಟೆಲಿಗೆ ಹೋದಾಗ, ತಿಂಡಿಯನ್ನು ಮಗುವೇ ಕನ್ನಡದಲ್ಲಿ ಕೇಳಲಿ. ತೆಲುಗು ಫಲಕವನ್ನೂ ಓದಲು ಯತ್ನಿಸಲಿ. ಪಕ್ಕದ ಮೇಜಿನವರೊಡನೆ ಅವರ ಭಾಷೆಯಲ್ಲಿ ನಾಲ್ಕು ಮಾತಾಡಲಿ. ಹೋಟೆಲಿನವರು ಒಪ್ಪಿದರೆ ತಿಂಡಿಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಡಲು ನಮ್ಮ ಶಾಲೆಯ ಮಕ್ಕಳೇ ಸಾಕು. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಉಳಿಯಬೇಕಾದರೆ, ಕನ್ನಡವು ತರಗತಿಯ ಹೊರಗೂ ಕೆಲಸಕ್ಕೆ ಬರುವ ಭಾಷೆಯೆಂಬುದು ಮಗುವಿಗೆ ಪ್ರತಿದಿನ ಕಾಣುತ್ತಿರಬೇಕು.